ಅಕ್ಕನ ಮಣಿಕಟ್ಟು

2 ಜೂನ್

ಕಂದ,

ಬಸ್ಸು ಊರು ದಾಟಿದ ಮೇಲೆ ಇದನ್ನು ಓದು. ಓದಿ ಚೂರುಚೂರು ಮಾಡಿ ಕಿಟಕಿಯಿಂದ ಆಚೆ ಬಿಡು. ರಸ್ತೆಗೆ ಕಸ ಹಾಕಬೇಡ ಎಂದು ಬೈಯುವ ಅಪ್ಪನೇ ಹೇಳುತ್ತಿದ್ದೇನೆ, ಇದೊಂದು ಸಲ ಹಾಕು.

ಅಮ್ಮನ ಎದುರು ಹೇಳಲಾಗದ ಮಾತು ಇದು. ಇವತ್ತಿನಿಂದ ನಿನಗೆ ಹನ್ನೆರಡಲ್ಲ, ಹದಿನಾಲ್ಕು ವರ್ಷ. ಹುಟ್ಟಿದ ದಿನ, ತಿಂಗಳು ನಿನ್ನದೇ, ಮಾರ್ಚ್ ಒಂಬತ್ತು. ವರ್ಷ ಮಾತ್ರ ಎರಡು ಹಿಂದಕ್ಕೆ. ಬಸ್ಸಿಳಿಯುವುದರೊಳಗೆ ನೂರು ಸಲ ಹೇಳಿಕೋ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಬಾಯಿಗೆ ಅದೇ ಬರಬೇಕು. ಹದಿನಾಲ್ಕು ತುಂಬದವರನ್ನು ಆ ಕ್ರೀಡಾ ಶಿಬಿರದ ಹಾಸ್ಟೆಲಿಗೆ ಸೇರಿಸಿಕೊಳ್ಳುವುದಿಲ್ಲ. ಮತ್ತೆ ಹೊಸ ಮಕ್ಕಳನ್ನು ತೆಗೆದುಕೊಳ್ಳುವುದು ಮೂರು ವರ್ಷ ಕಳೆದ ಮೇಲೆ. ಹದಿನಾಲ್ಕಕ್ಕೆ ಇನ್ನೂ ಏಳನೇ ಕ್ಲಾಸೇ ಎಂದು ಯಾರಾದರೂ ಕೇಳಿದರೆ, ಕಾಯಿಲೆಯಾಗಿ ಎರಡು ವರ್ಷ ಶಾಲೆ ತಪ್ಪಿತ್ತು ಅನ್ನು.

ಜನನ ಪತ್ರ ಕಳೆದಿದೆ ಎಂದು ಅರ್ಜಿಯಲ್ಲಿ ಬರೆದಿದ್ದೇನೆ. ಅಂಥವರು ಮಣಿಕಟ್ಟಿನ ಎಕ್ಸ್‌ರೇ ಕೊಡಬೇಕು, ಅದರಲ್ಲಿ ಮೂಳೆ ಎಷ್ಟು ಬೆಳೆದಿದೆ ಎಂದು ನೋಡಿ ವಯಸ್ಸು ಹೇಳುತ್ತಾರೆ. ಇಪ್ಪತ್ತೆರಡು ವರ್ಷದಿಂದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತಿರುವ ನನಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿ ನಿನ್ನ ಹೆಸರಿನಲ್ಲಿರುವುದು ನಿನ್ನ ಅಕ್ಕನ ಮಣಿಕಟ್ಟು. ಹಾಗಾಗಿ ನಿನಗೆ ಒಂದೇ ಒಂದು ನಿಯಮ. ಬಿದ್ದರೂ ಎದ್ದರೂ ಯಾರಿಗೂ ಎಕ್ಸ್‌ರೇ ತೆಗೆಯಲು ಬಿಡಬೇಡ. ಬೆಳೆಯುವ ಮೂಳೆಯ ತುದಿಯಲ್ಲಿ ಒಂದು ಕಪ್ಪು ಗೆರೆ ಇರುತ್ತದೆ. ಬಲ್ಲವರು ನೋಡಿದರೆ ಎಲ್ಲ ಗೊತ್ತಾಗುತ್ತದೆ. ಏನೇ ನೋವಿದ್ದರೂ ಮೊದಲು ನನಗೆ ಬರೆ. ಮಕ್ಕಳ ಕಾಗದವನ್ನು ಅಲ್ಲಿ ಯಾರೂ ಒಡೆದು ಓದುವುದಿಲ್ಲ, ವಿಚಾರಿಸಿದ್ದೇನೆ.

ಅಪ್ಪ ಹೀಗೇಕೆ ಮಾಡಿದ ಅನ್ನಬೇಡ. ನಮ್ಮ ಬೀದಿಯವರು ನಿನ್ನನ್ನು ‘ಏಣಿ’ ಎಂದು ಕೂಗುತ್ತಾರೆ. ನೀನು ಬೆನ್ನು ಬಗ್ಗಿಸಿ, ಗೋಡೆಗೆ ಒತ್ತಿಕೊಂಡು ನಡೆಯುವುದನ್ನು ಎರಡು ವರ್ಷದಿಂದ ನೋಡುತ್ತಿದ್ದೇನೆ. ಶಾಲೆಯ ಫೋಟೋದಲ್ಲಿ ಮಂಡಿ ಮಡಚಿ ನಿಂತಿದ್ದೀಯ. ಶಿಬಿರದ ಪುಸ್ತಿಕೆಯನ್ನು ನಾನು ಹತ್ತು ಸಲ ಓದಿದೆ. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ಓರಗೆಯವರ ಸ್ನೇಹ, ಸೋಲನ್ನು ತಡೆದುಕೊಳ್ಳುವ ಗಟ್ಟಿತನ ಎಂದೆಲ್ಲ ಬರೆದಿದ್ದಾರೆ. ನನಗೆ ಬೇಕಾದದ್ದು ಅದರಲ್ಲಿ ಬರೆದಿಲ್ಲ. ನೀನು ನೆಟ್ಟಗೆ ನಿಲ್ಲಬೇಕು. ಎತ್ತರವಿದ್ದವರನ್ನು ನೋಡಿ ಚಪ್ಪಾಳೆ ಹೊಡೆಯುವ ಜಾಗ ನನಗೆ ಗೊತ್ತಿರುವುದು ಅದೊಂದೇ.

ಭಾನುವಾರಗಳಲ್ಲಿ ಬರೆಯುತ್ತಿರು.

ನಿನ್ನ ಅಪ್ಪ


15 ಜೂನ್

ಅಪ್ಪ, ಅಮ್ಮ, ಅಕ್ಕ,

ಮೊದಲೇ ಹೇಳಿಬಿಡ್ತೀನಿ, ನಾನು ಅತ್ತಿಲ್ಲ. ಒಂದೇ ಒಂದು ಸಲ, ಅದೂ ಸೋಪು ಕಣ್ಣಿಗೆ ಹೋಗಿ. ಅಕ್ಕ ನಂಬಲ್ಲ, ನಂಬದಿದ್ರೆ ಬಿಡಲಿ.

ನಮ್ಮ ರೂಮಲ್ಲಿ ಎಂಟು ಕಬ್ಬಿಣದ ಮಂಚ. ನನ್ನ ಕಾಲು ಮಂಚದಿಂದ ಆಚೆ ಬರ್ತಿತ್ತು. ಎಲ್ಲರೂ ನಗ್ತಾರೆ ಅಂತ ಮುದುಡಿಕೊಂಡು ಮಲಗಿದ್ದೆ. ಮಾರನೇ ದಿನ ಕೋಚ್ ಮೇಡಂ ನೋಡಿ, ಮಂಚದ ತುದಿಗೆ ಸ್ಟೂಲ್ ಹಾಕಿಸಿ ಅದರ ಮೇಲೆ ದಿಂಬು ಇಡಿಸಿದ್ರು. ‘ಇದು ಮಡಚಿ ಇಡೋ ಕಾಲಲ್ಲ ಕಣೇ’ ಅಂದ್ರು. ಆಮೇಲೆ ಬಾಗಿಲಿಗೆ ಒರಗಿಸಿ ನಿಲ್ಲಿಸಿ ಅಳೆದ್ರು. ‘ನೆಟ್ಟಗೆ ನಿಲ್ಲು. ಇನ್ನೂ. ಇನ್ನೂ. ಎಲ್ಲಿ ಬಚ್ಚಿಟ್ಟಿದ್ದೆ ಇಷ್ಟು ಎತ್ತರಾನ?’ ನೂರ ಅರವತ್ತೆಂಟು ಸೆಂಟಿಮೀಟರ್. ಇಡೀ ರೂಮು ಚಪ್ಪಾಳೆ ಹೊಡೀತು ಅಪ್ಪ! ನಾನೇನೂ ಮಾಡಿರಲಿಲ್ಲ, ಸುಮ್ನೆ ನಿಂತಿದ್ದೆ ಅಷ್ಟೆ.

ಇಲ್ಲಿ ನನ್ನ ಹೆಸರು ಮಿಡತೆ. ಪಕ್ಕದ ಮಂಚದವಳು ಗುಂಡು. ಕಬ್ಬಿಣದ ಗುಂಡು ಎಸೀತಾಳೆ, ನೋಡೋಕೂ ಹಾಗೇ ಇದಾಳೆ. ಬೆಳಿಗ್ಗೆ ನಾಲ್ಕು ಮೊಟ್ಟೆ ತಿಂತಾಳೆ. ಕೇಳಿದ್ರೆ ‘ಎರಡು ನಂಗೆ, ಎರಡು ಗುಂಡಿಗೆ’ ಅಂತಾಳೆ. ನಾವಿಬ್ಬರೂ ದೀಪ ಆರಿಸೋವರೆಗೂ ಮಾತಾಡ್ತೀವಿ. ನಾನು ಇಷ್ಟು ಮಾತಾಡ್ತೀನಿ ಅಂತ ನನಗೇ ಗೊತ್ತಿರಲಿಲ್ಲ.

ನನ್ನದು ಹೈಜಂಪ್. ಜಿಗಿದು ಬೀಳೋಕೆ ಒಂದು ನೀಲಿ ಹಾಸಿಗೆ ಇದೆ, ನಮ್ಮ ಮನೆ ಅಡಿಗೆ ಕೋಣೆಗಿಂತ ದೊಡ್ಡದು. ಅಡ್ಡಕೋಲು ದಾಟಿ ಬೆನ್ನ ಮೇಲೆ ಬೀಳೋವಾಗ ಒಂದು ಕ್ಷಣ ಆಕಾಶ ಬಿಟ್ಟು ಇನ್ನೇನೂ ಕಾಣಲ್ಲ.

ಸಂಜೆ ಅಕ್ಕಪಕ್ಕದ ಚಿಕ್ಕ ಮಕ್ಕಳು ಬರ್ತಾರೆ, ಹನ್ನೊಂದು ಹನ್ನೆರಡರವರು. ಅವರಿಗೆ ಕುಂಟಾಟ, ಹಗ್ಗದಾಟ, ಓಡಿ ಹಿಡಿಯೋದು ಅಷ್ಟೆ, ಭಾರ ಎತ್ತೋ ಹಾಗಿಲ್ಲ. ನಂಗೂ ಹೋಗಬೇಕು ಅನ್ಸತ್ತೆ. ಕೇಳಿದ್ದಕ್ಕೆ ಮೇಡಂ ‘ನೀನೇನು ಪಾಪುನಾ?’ ಅಂತ ನಕ್ಕರು. ನಾನೂ ನಕ್ಕೆ.

ಅಪ್ಪ, ನೀನು ಹೇಳಿದ ಹಾಗೇ ಮಾಡಿದೆ, ಕಿಟಕಿಯಿಂದ.

ನಿಮ್ಮ ಮಿಡತೆ


28 ಜೂನ್

(ಅಮ್ಮ ಹೇಳಿದ್ದು, ಅಕ್ಕ ಬರೆದದ್ದು. ತಪ್ಪಿದ್ದರೆ ಅಮ್ಮನದು, ಅಕ್ಷರ ಚೆನ್ನಾಗಿದ್ದರೆ ನನ್ನದು.)

ಚಿನ್ನಾ,

ನಿನ್ನ ಕಾಗದ ನಾಲ್ಕು ಸಲ ಓದಿಸಿದೆ. ನಾಲ್ಕನೇ ಸಲಕ್ಕೆ ಇವಳು ಮುಖ ಊದಿಸಿಕೊಂಡಳು. ನಿಮ್ಮಪ್ಪ ಅದನ್ನ ಡ್ಯೂಟಿಗೂ ತಗೊಂಡು ಹೋಗಿ, ಫಿಲ್ಮ್ ನೋಡೋ ದೀಪದ ಮೇಲೆ ಇಟ್ಟು ಓದ್ತಾರಂತೆ. ಆಯಾ ನೋಡಿ ನಕ್ಕಳಂತೆ. ‘ಯಾರದಪ್ಪ ಮೂಳೆ ಮುರಿದಿದ್ದು’ ಅಂತ ಕೇಳಿದಳಂತೆ.

ಒದ್ದೆ ಕೂದಲಲ್ಲಿ ಓಡಬೇಡ. ಸಾಕ್ಸ್ ದಿನಾ ಒಗಿ. ಇಡೀ ಆಸ್ಪತ್ರೆ ಹಾಸಿಗೆ ಬಟ್ಟೆ ಒಗೆಯೋಳ ಮಗಳು ಗಬ್ಬು ಸಾಕ್ಸಲ್ಲಿ ತಿರುಗ್ತಾಳೆ ಅಂದ್ರೆ ಲಾಂಡ್ರಿಯಲ್ಲಿ ನಾನು ಮುಖ ತೋರಿಸೋದು ಹೇಗೆ? ಆ ಗುಂಡು ಅನ್ನೋ ಹುಡುಗಿ ತಿನ್ನೋದನ್ನ ಎಣಿಸಬೇಡ, ಕಣ್ಣು ಬೀಳುತ್ತೆ. ನೀನೂ ತಿನ್ನು.

ಒಂದೇ ಹೆದರಿಕೆ ನಂಗೆ. ನೋಡೋಕೆ ಉದ್ದ ಇದೀಯ ಅಂತ ದೊಡ್ಡೋರ ಭಾರ ಎಲ್ಲ ನಿನ್ನ ಮೇಲೆ ಹೇರಿಯಾರು. ಅವರಿಗೆ ಬಾಯಿ ಬಿಟ್ಟು ಹೇಳು, ನಾನಿನ್ನೂ—

(ಇಲ್ಲಿ ಅಮ್ಮ ಒಂದು ಮಾತು ಹೇಳಿದಳು. ಬರೆದೆ ಅಂತ ಅವಳಿಗೆ ಹೇಳಿದ್ದೀನಿ, ಬರೆದಿಲ್ಲ. ಅವಳಿಗೆ ಏನೂ ಗೊತ್ತಿಲ್ಲ.)

ಚೆನ್ನಾಗಿರು, ಬಂಗಾರ.

ಅಮ್ಮ

ನನ್ನದೊಂದು ಸಾಲು: ನನ್ನ ಕೈ ಅಲ್ಲಿ ಹೇಗಿದೆ? ಚೆನ್ನಾಗಿ ನೋಡ್ಕೋ. ಪಾತ್ರೆ ತೊಳೆಯೋಕೆ ಇಲ್ಲಿ ಇನ್ನೊಂದೇ ಉಳಿದಿರೋದು. — ಅಕ್ಕ


10 ಆಗಸ್ಟ್

ಅಪ್ಪ,

ಇದು ನಿನಗೊಬ್ಬನಿಗೇ.

ನೂರ ನಲವತ್ತೆಂಟು ಸೆಂಟಿಮೀಟರ್ ಜಿಗಿದೆ. ಬಂದಾಗ ನೂರ ಮೂವತ್ತು ಇತ್ತು. ಮೇಡಂ ತಮ್ಮ ಟೋಪಿ ತೆಗೆದು ನನ್ನ ತಲೆಗೆ ಇಟ್ರು. ಅವರು ಯಾರಿಗೂ ಟೋಪಿ ಕೊಡಲ್ಲ. ಈಗ ಬೀದೀಲಿ ಯಾರಾದ್ರೂ ಏಣಿ ಅಂದ್ರೆ ‘ಹೌದು, ಏನೀಗ?’ ಅಂತೀನಿ ಅನ್ಸತ್ತೆ.

ಜುಲೈಯಿಂದ ಭಾರ ಶುರುವಾಗಿದೆ. ಹೆಗಲ ಮೇಲೆ ಕಬ್ಬಿಣದ ರಾಡು ಇಟ್ಕೊಂಡು ಕೂತು ಏಳೋದು, ಎತ್ತರದ ಪೆಟ್ಟಿಗೆಯಿಂದ ಧುಮುಕಿ ಮತ್ತೆ ಜಿಗಿಯೋದು. ಯಾವ ವಯಸ್ಸಿಗೆ ಎಷ್ಟು ಭಾರ ಅಂತ ಗೋಡೆ ಮೇಲೆ ಪಟ್ಟಿ ಇದೆ. ಹದಿನಾಲ್ಕರ ಕೆಳಗೆ ಎಲ್ಲ ಸೊನ್ನೆ.

ನೆಲ ಒದೆಯೋದು ನನ್ನ ಎಡಗಾಲು. ಆ ಮಂಡಿಯ ಕೆಳಗೆ ಮುಂದುಗಡೆ ಗಂಟು ಬಂದ ಹಾಗಿದೆ. ಮುಟ್ಟಿದ್ರೆ ಜೀವ ಹೋಗುತ್ತೆ. ಮೆಟ್ಟಿಲು ಇಳಿಯೋವಾಗ ಹಲ್ಲು ಕಚ್ಕೋತೀನಿ. ಒಂದು ವಾರಕ್ಕಿಂತ ಜಾಸ್ತಿ ನೋವು ಅಂದ್ರೆ ಮೇಡಂ ಸೀದಾ ಎಕ್ಸ್‌ರೇಗೆ ಕಳಿಸ್ತಾರೆ, ಗುಂಡೂನ ಹಾಗೇ ಕಳಿಸಿದ್ರು. ನನ್ನ ಕೇಳಿದಾಗ ಇಲ್ಲ ಅಂದೆ. ಏನು ಮಾಡಲಿ?

ನಿನ್ನ ಮಗಳು


16 ಆಗಸ್ಟ್

ಕಂದ,

ಹೆದರಬೇಡ. ಬೆಳೆಯುವ ಮಕ್ಕಳಲ್ಲಿ ಮಂಡಿಯ ಕೆಳಗೆ ಹಾಗೆ ನೋಯುವುದನ್ನು ನಾನು ಎಷ್ಟೋ ನೋಡಿದ್ದೇನೆ. ವಿಶ್ರಾಂತಿ ಕೊಟ್ಟರೆ ತಾನೇ ಹೋಗುತ್ತದೆ. ಐಸ್ ಇಡು. ಎಲಾಸ್ಟಿಕ್ ಪಟ್ಟಿ ಕಳಿಸುತ್ತಿದ್ದೇನೆ, ಪ್ಯಾಂಟಿನ ಒಳಗೆ ಕಟ್ಟಿಕೋ. ವಾರಕ್ಕೆರಡು ಸಲ ಹೊಟ್ಟೆನೋವು ಎಂದು ಹೇಳಿ ಮಲಗು. ಹೊಟ್ಟೆಯನ್ನು ಯಾರೂ ಎಕ್ಸ್‌ರೇ ತೆಗೆಸುವುದಿಲ್ಲ.

ಅಕ್ಟೋಬರಿನಲ್ಲಿ ರಜೆ ಇದೆ. ಇನ್ನು ಎಂಟೇ ವಾರ. ನೀನು ಬಂದ ದಿನವೇ ನಾನೇ ತೆಗೆದು ನೋಡುತ್ತೇನೆ. ನನ್ನ ಮಗಳ ಮೂಳೆಯನ್ನು ನನಗಿಂತ ಚೆನ್ನಾಗಿ ಯಾರು ನೋಡುತ್ತಾರೆ?

ನೂರ ನಲವತ್ತೆಂಟು! ಟೇಪ್ ಹಿಡಿದು ಗೋಡೆಯ ಮೇಲೆ ಗುರುತು ಹಾಕಿದೆ. ಅದು ನಿನ್ನ ಅಮ್ಮನ ಹುಬ್ಬಿಗೆ ಬರುತ್ತದೆ.

ಅಪ್ಪ


7 ಸೆಪ್ಟೆಂಬರ್

ಅಪ್ಪ,

ಪಟ್ಟಿ ಬಂತು. ಹೊಟ್ಟೆನೋವು ನಾಲ್ಕು ಸಲ ಹೇಳಿದ್ದಾಯ್ತು, ಈಗ ಮೇಡಂ ಜಂತುಹುಳದ ಮಾತ್ರೆ ಕೊಟ್ಟಿದಾರೆ. ಗುಂಡು ಬಿದ್ದು ಬಿದ್ದು ನಕ್ಕಳು. ಆಮೇಲೆ ನಾನು ಪ್ಯಾಂಟು ಬದಲಾಯಿಸೋವಾಗ ಪಟ್ಟಿ ನೋಡಿಬಿಟ್ಟಳು. ‘ಮೇಡಂಗೆ ಹೇಳ್ತೀಯೋ ನಾನು ಹೇಳಲೋ’ ಅಂದಳು. ಅವಳ ಕಾಲು ಹಿಡ್ಕೊಂಡೆ ಅಪ್ಪ, ನಿಜವಾಗಲೂ. ಮೂರು ದಿನದಿಂದ ನನ್ನ ಜೊತೆ ಮಾತಾಡ್ತಿಲ್ಲ. ಹೇಳಿಯೂ ಇಲ್ಲ.

ಇಪ್ಪತ್ತನೇ ತಾರೀಕು ಆಯ್ಕೆ ಇದೆ. ನೂರ ಐವತ್ತೆರಡು ದಾಟಿದವರು ದೊಡ್ಡ ಕೂಟಕ್ಕೆ. ಹೋದ ವಾರ ಎರಡು ಸಲ ದಾಟಿದ್ದೀನಿ. ಓಡಿ ಬಂದು ಕೊನೇ ಹೆಜ್ಜೆ ಇಡೋವಾಗ ಮಾತ್ರ ಕಣ್ಣು ಕತ್ತಲೆ ಬರುತ್ತೆ, ಮೇಲೆ ಹೋದ ಮೇಲೆ ಏನೂ ಇಲ್ಲ.

ಮನೆಗೆ ಕರ್ಕೊಂಡು ಹೋಗು ಅಂತ ಕೇಳ್ತಿಲ್ಲ. ಇಲ್ಲಿಂದ ನಾನು ಹೋಗಲ್ಲ. ಇಲ್ಲಿ ನಾನು ಚೆನ್ನಾಗಿದೀನಿ. ಅದಕ್ಕೇ ಹೆದರಿಕೆ.

ನಿನ್ನ ಮಗಳು


18 ಸೆಪ್ಟೆಂಬರ್

ಲೇ,

ಅಪ್ಪನ ಪರ್ಸಿಂದ ನಿನ್ನ ಕಾಗದ ಕದ್ದು ಓದಿದೆ. ಬುದ್ಧಿ ಇದೆಯಾ ಇಬ್ಬರಿಗೂ?

ಈ ಕಾಗದ ಕೈಗೆ ಸಿಕ್ಕ ತಕ್ಷಣ ಎದ್ದು ಹೋಗಿ ಮೇಡಂಗೆ ಹೇಳು. ಏನಾಗುತ್ತೆ? ಮನೆಗೆ ಕಳಿಸ್ತಾರೆ. ಬಾ. ಏಣಿ ಅಂತಾರೆ, ಅನ್ನಲಿ. ಅಂದೋರ ತಲೆ ಮೇಲೆ ಕುಕ್ಕೋಕೆ ನಾನು ಸತ್ತಿದೀನಾ?

ಆ ಕೈ ನಂದು. ಅಪ್ಪ ತಣ್ಣಗಿನ ಪ್ಲೇಟ್ ಮೇಲೆ ಇಡು ಅಂದ, ಇಟ್ಟೆ. ಅಲ್ಲಾಡಬೇಡ ಅಂದ, ಅಲ್ಲಾಡಲಿಲ್ಲ. ನಂಗೆ ಅದು ತಮಾಷೆಯಾಗಿತ್ತು ಕಣೇ. ಈಗ ದಿನಾ ಎದ್ದ ತಕ್ಷಣ ಕೈ ನೋಡ್ಕೋತೀನಿ. ಎಷ್ಟು ಸಲ ಹೇಳಬೇಕು ಅನ್ಸಿದೆ ಅಮ್ಮನಿಗೆ, ನಾಲಿಗೆ ಏಳಲ್ಲ. ನೀನು ಹೇಳಿಬಿಡು, ನಾನು ಬದುಕಿಕೊಳ್ತೀನಿ.

ಅಕ್ಕ


28 ಸೆಪ್ಟೆಂಬರ್

ಮಾನ್ಯರೇ,

ತಾವು ಆಸ್ಪತ್ರೆಗೆ ಬಂದು ಹೋದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ಎದುರಿಗಿದ್ದಾಗ ಕೇಳಲು ನನಗೆ ಬಾಯಿ ಬರಲಿಲ್ಲ.

ಇಪ್ಪತ್ತನೇ ತಾರೀಕು ನಿಮ್ಮ ಮಗಳು ಮೂರನೇ ಯತ್ನಕ್ಕೆ ಓಡಿ ಬಂದು ನೆಲ ಒದ್ದಾಗ ಕೇಳಿದ ಶಬ್ದ ಮೈದಾನದ ಆಚೆ ತುದಿಗೂ ಕೇಳಿಸಿತು. ಮಂಡಿಯ ಕೆಳಗಿನ ಮೂಳೆಯ ಮುಂಭಾಗ ಕಿತ್ತು ಬಂದಿತ್ತು. ಎಕ್ಸ್‌ರೇ ಕೋಣೆಯ ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ‘ಬೇಡ, ಬೇಡ’ ಎಂದು ಕಿರುಚಿದಳು. ನೋವಿಗೆ ಎಂದುಕೊಂಡು ನಾನೇ ಅವಳ ಬೆರಳು ಬಿಡಿಸಿದೆ.

ಕಾಲಿನ ರಕ್ತ ಓಡಾಟಕ್ಕೆ ಅಪಾಯವಿದ್ದುದರಿಂದ ತಕ್ಷಣ ಆಪರೇಷನ್ ಮಾಡಬೇಕಾಯಿತು. ಮೂಳೆಯ ಬೆಳವಣಿಗೆಯ ಗೆರೆ ಇನ್ನೂ ತೆರೆದಿದೆ, ಹದಿನಾಲ್ಕು ತುಂಬಿದ್ದರೆ ಇನ್ನೇನು ಮುಚ್ಚುತ್ತದೆ, ಚಿಂತೆಯಿಲ್ಲ ಎಂದರು ವೈದ್ಯರು. ಅವರು ಫೋನಿನಲ್ಲಿ ನಿಮ್ಮನ್ನು ಕೇಳಿದ್ದು ನನ್ನ ಎದುರಿಗೇ. ನೀವು ‘ಹೌದು, ತುಂಬಿದೆ’ ಎಂದಿರಿ. ಅರಿವಳಿಕೆ ಕೊಡುವಾಗ ಹುಡುಗಿಯನ್ನೂ ಕೇಳಿದರು. ಮಂಪರಿನಲ್ಲೂ ಅದೇ ತಾರೀಕು, ಅದೇ ವರ್ಷ ಹೇಳಿದಳು. ಆ ಗೆರೆಯನ್ನು ದಾಟಿಸಿ ಎರಡು ಸ್ಕ್ರೂ ಹಾಕಿದ್ದಾರೆ.

ಮೊನ್ನೆ ಅವಳ ದಿಂಬು ಸರಿಮಾಡುವಾಗ ಕೆಳಗೆ ಒಂದು ಹಲ್ಲು ಸಿಕ್ಕಿತು. ಹಾಲುಹಲ್ಲು. ಈ ತಿಂಗಳು ಬಿದ್ದದ್ದಂತೆ. ನನಗೂ ಇಬ್ಬರು ಮಕ್ಕಳಿದ್ದಾರೆ, ಹದಿನಾಲ್ಕೂವರೆಗೆ ಹಾಲುಹಲ್ಲು ಬೀಳುವುದನ್ನು ನಾನು ನೋಡಿಲ್ಲ. ಇನ್ನೊಮ್ಮೆ ಮಣಿಕಟ್ಟಿನ ಎಕ್ಸ್‌ರೇ ತೆಗೆಸೋಣ ಎಂದರೆ ಮುಷ್ಟಿ ಬಿಗಿದು ಕೈಯನ್ನು ಹೊಟ್ಟೆಯ ಕೆಳಗಿಟ್ಟುಕೊಂಡು ಮಲಗುತ್ತಾಳೆ. ಫೈಲಿನಲ್ಲಿ ಒಂದು ಇರುವಾಗ, ಹೆತ್ತವರು ಒಪ್ಪದೆ ಇನ್ನೊಂದು ತೆಗೆಯಲಾಗದು ಎನ್ನುತ್ತಾರೆ ಆಸ್ಪತ್ರೆಯವರು.

ನೇರವಾಗಿ ಕೇಳುತ್ತೇನೆ. ಅವಳ ವಯಸ್ಸೆಷ್ಟು? ಚಿಕ್ಕವಳಾಗಿದ್ದರೆ ಆರು ವಾರದೊಳಗೆ ಆ ಸ್ಕ್ರೂ ತೆಗೆಯಲೇಬೇಕು. ಇಲ್ಲದಿದ್ದರೆ ಮೂಳೆ ಮುಂಭಾಗದಲ್ಲಿ ಬೆಳೆಯುವುದು ನಿಂತು ಹಿಂಭಾಗದಲ್ಲಿ ಮಾತ್ರ ಬೆಳೆಯುತ್ತದೆ, ಮಂಡಿ ಹಿಂದಕ್ಕೆ ಬಾಗುತ್ತದೆ. ಆ ಮೇಲೆ ಅವಳು ಜಿಗಿಯುವುದಿರಲಿ, ನೆಟ್ಟಗೆ ನಿಲ್ಲುವುದೂ ಕಷ್ಟ.

ಹದಿನಾಲ್ಕು ತುಂಬದ ಮಕ್ಕಳ ಹೆಗಲ ಮೇಲೆ ಇಪ್ಪತ್ತು ವರ್ಷದಲ್ಲಿ ನಾನು ಕಬ್ಬಿಣ ಇಟ್ಟವಳಲ್ಲ. ಇಟ್ಟಿದ್ದೇನೋ ಇಲ್ಲವೋ, ನೀವು ಹೇಳಬೇಕು. ಅವಳ ಅಕ್ಕನದೊಂದು ಕಾಗದ ಇಪ್ಪತ್ತೊಂದಕ್ಕೆ ಬಂತು. ಹಾಸಿಗೆಯಲ್ಲೇ ಓದಿ ಗೋಡೆಯ ಕಡೆ ತಿರುಗಿಕೊಂಡಳು.

ತರಬೇತುದಾರಳು


19 ಅಕ್ಟೋಬರ್

ಅಪ್ಪ,

ಶಿಬಿರದ ಕಾಯಿಲೆ ಕೋಣೇಲಿ ಇದೀನಿ. ಕಾಲು ಮಡಚೋಕಾಗಲ್ಲ, ರಜೆಗೆ ಬಸ್ಸಲ್ಲಿ ಬರೋಕಾಗಲಿಲ್ಲ. ಕಿಟಕಿಯಿಂದ ನೀಲಿ ಹಾಸಿಗೆ ಕಾಣುತ್ತೆ. ಸಂಜೆ ಗುಂಡು ಬಂದು ತಲೆ ಬಾಚ್ತಾಳೆ. ‘ಹೇಳಬೇಕಿತ್ತು ನಾನು’ ಅಂತ ಒಂದೇ ಸಮನೆ ಅಳ್ತಾಳೆ. ನಾನೇ ಸಮಾಧಾನ ಮಾಡ್ತೀನಿ.

ಮೇಡಂ ನಿನಗೆ ಬರೆದಿದಾರಂತೆ, ಉತ್ತರ ಬಂದಿಲ್ಲವಂತೆ. ಏನು ಕೇಳಿದಾರೆ ಅಂತ ನಂಗೆ ಗೊತ್ತು. ದಿನಾ ನನ್ನ ಹತ್ತಿರ ಕೂತ್ಕೋತಾರೆ. ಈಗ ಏನೂ ಕೇಳಲ್ಲ. ಕಿತ್ತಳೆ ಸುಲಿದು ಕೊಟ್ಟು ಹೋಗ್ತಾರೆ. ಕೇಳಿದ್ರೇ ವಾಸಿಯಿತ್ತು.

ನಾನೇ ಹೇಳಿಬಿಡ್ಲಾ? ನೀನು ಬೇರೆ ಏನೂ ಬರೆಯೋದು ಬೇಡ. ‘ಹ್ಞೂಂ’ ಅಂತ ಒಂದು ಅಕ್ಷರ ಬರೆದ್ರೆ ಸಾಕು.

ನಿನ್ನ ಮಗಳು


26 ಅಕ್ಟೋಬರ್

ಕಂದ,

ಸ್ವಲ್ಪ ತಡೆ. ಮೂಳೆ ಚೆನ್ನಾಗಿ ಕೂಡಿಕೊಳ್ಳುತ್ತಿದೆ ಎಂದು ಅಲ್ಲಿನ ವೈದ್ಯರೇ ಫೋನಿನಲ್ಲಿ ಹೇಳಿದರು. ಗೆರೆ ಮುಚ್ಚಿಯೇ ಹೋಗುತ್ತದೆ ಎಂದೇನಿಲ್ಲ. ಹಾಗಾಗದೆ ಉಳಿದವರ ಫಿಲ್ಮುಗಳನ್ನೂ ನಾನು ನೋಡಿದ್ದೇನೆ.

ಆ ಫೈಲು ತೆಗೆದರೆ ಮೊದಲು ಕಾಣುವುದು ನನ್ನ ಸಹಿ. ನನ್ನ ಕೆಲಸ ಹೋದರೆ ಈ ಕ್ವಾರ್ಟರ್ಸ್ ಹೋಗುತ್ತದೆ, ಅಕ್ಕನ ಓದು ಹೋಗುತ್ತದೆ, ನಿನ್ನ ಶಿಬಿರವೂ ಹೋಗುತ್ತದೆ. ನೀನೇ ಬರೆದಿದ್ದೆ, ಇಲ್ಲಿಂದ ಹೋಗಲ್ಲ ಎಂದು. ನನಗೆ ನಿದ್ದೆ ಇಲ್ಲ. ಆದರೂ ಸ್ವಲ್ಪ ತಡೆ.

ಅಪ್ಪ


17 ನವೆಂಬರ್

(ಅಮ್ಮ ಹೇಳಿದ್ದು. ಒಂದಕ್ಷರವೂ ಬಿಡದೆ ಬರೆದಿದ್ದೇನೆ.)

ಕೋಚ್ ಅಮ್ಮನವರೇ,

ನಾನು ಓದಿದೋಳಲ್ಲ. ಆಸ್ಪತ್ರೆ ಲಾಂಡ್ರಿಯಲ್ಲಿ ಕೆಲಸ. ನೀವು ನಮ್ಮ ಮನೆಯವರಿಗೆ ಬರೆದ ಕಾಗದ ಇವತ್ತು ಬೆಳಿಗ್ಗೆ ಅವರ ಬಿಳಿ ಕೋಟಿನ ಒಳಜೇಬಲ್ಲಿ ಸಿಕ್ತು. ಆ ಕೋಟು ವಾರ ವಾರ ಒಗೆಯೋಳು ನಾನೇ. ಏಳು ವಾರ ಒಗೆಯೋಕೆ ಮುಂಚೆ ತೆಗೆದು, ಒಗೆದ ಮೇಲೆ ಮತ್ತೆ ಇಟ್ಕೊಂಡಿದಾರೆ. ಈ ವಾರ ಮರೆತರೋ, ನನ್ನ ಕೈಗೆ ಸಿಗಲಿ ಅಂತ ಬಿಟ್ಟರೋ, ದೇವರಿಗೇ ಗೊತ್ತು. ಕೇಳಿದೆ. ಗೋಡೆ ನೋಡ್ತಾ ಕೂತಿದಾರೆ.

ದೊಡ್ಡ ಮಗಳ ಕೈಲಿ ಓದಿಸಿದೆ. ಅರ್ಧಕ್ಕೆ ಅವಳು ಅಳೋಕೆ ಶುರು ಮಾಡಿದಳು. ಎರಡು ಬಾರಿಸಿದೆ, ಆಮೇಲೆ ಎಲ್ಲ ಹೇಳಿದಳು. ಸಣ್ಣ ಮುರಿತ, ಪಟ್ಟಿ ಕಟ್ಟಿದಾರೆ, ಬರ್ತಾಳೆ ಅಂತ ನಂಗೆ ಹೇಳಿದ್ರು ಇವರು. ನಾನು ದಡ್ಡಿ ನಂಬಿದೆ. ಹೋಗಿ ನೋಡ್ತೀನಿ ಅಂದ್ರೆ ಲಾಂಡ್ರಿಯಲ್ಲಿ ರಜಾ ಇಲ್ಲ ಅಂತ ಕೈ ಕಟ್ಟಿ ಕೂತೆ. ಆ ರಜಾ ಸುಟ್ಟುಹೋಗಲಿ.

ಕೇಳಿ. ನನ್ನ ಚಿಕ್ಕ ಮಗಳು ಹುಟ್ಟಿದ್ದು ಇದೇ ಆಸ್ಪತ್ರೆಯಲ್ಲಿ, ಮಾರ್ಚ್ ಒಂಬತ್ತನೇ ತಾರೀಕು. ಮಧ್ಯಾಹ್ನದವರೆಗೂ ಬೆಡ್‌ಶೀಟ್ ಮಡಚ್ತಿದ್ದೆ, ನಾನು ಮಡಚಿದ ಬೆಡ್‌ಶೀಟಿನ ಮೇಲೇ ಹೆತ್ತೆ. ಅವಳಿಗೆ ಹನ್ನೆರಡು ವರ್ಷ ಎಂಟು ತಿಂಗಳು. ಬರೆದುಕೊಳ್ಳಿ, ಬೇಕಾದ್ರೆ ನನ್ನ ಹೆಬ್ಬೆಟ್ಟು ಒತ್ತಿಸಿಕೊಳ್ಳಿ. ಆ ಸ್ಕ್ರೂ ತೆಗೆಸಿ. ಆರು ವಾರ ಅಂದಿದ್ರಿ, ಎಂಟು ಆಗಿದೆ ಅಂತ ಇವಳು ಲೆಕ್ಕ ಹಾಕಿದಳು. ತಪ್ಪು ಲೆಕ್ಕ ಇರಲಿ ಅಂತ ಮೂರು ಸಲ ಹಾಕಿಸಿದೆ.

ಮೊದಲ ಬಸ್ಸಿಗೆ ಹೊರಡ್ತೀನಿ, ಈ ಕಾಗದ ನಾನೇ ತಂದು ಕೊಡ್ತೀನಿ. ಬಾಯಲ್ಲಿ ಹೇಳೋಕೆ ಹೋದ್ರೆ ಅತ್ತುಬಿಡ್ತೀನಿ ಅಂತ ಬರೆಸಿದೆ.

ಅವಳ ಅಮ್ಮ


22 ಜನವರಿ

ನನ್ನ ಮೂವರಿಗೆ,

ನಾನು ಕ್ಷೇಮ ಎಂದು ಬರೆಯಲು ನಾಚಿಕೆಯಾಗುತ್ತದೆ. ಇಲ್ಲಿ ದೊಡ್ಡ ಪೈಪುಗಳನ್ನು ಬೆಸೆಯುವ ಕಾರ್ಖಾನೆ ಇದೆ. ಬೆಸುಗೆಯ ಒಳಗೆ ಬಿರುಕಿದೆಯೇ ಎಂದು ಎಕ್ಸ್‌ರೇ ತೆಗೆದು ನೋಡುವ ಕೆಲಸ. ತಗಡಿನ ಶೆಡ್ಡು, ಮೂಲೆಯಲ್ಲಿ ಮಂಚ. ಆಸ್ಪತ್ರೆಯವರು ಕೆಲಸದಿಂದ ಏಕೆ ತೆಗೆದರೆಂದು ಇಲ್ಲಿ ಯಾರೂ ಕೇಳಲಿಲ್ಲ. ಪೈಪಿಗೆ ವಯಸ್ಸಿಲ್ಲ, ಅಲ್ಲಾಡಬೇಡಿ ಎಂದು ಹೇಳುವ ಅಗತ್ಯವೂ ಇಲ್ಲ.

ಕ್ವಾರ್ಟರ್ಸ್ ಖಾಲಿ ಮಾಡುವಾಗ ನಾನಿರಬೇಕಿತ್ತು. ಹೊಸ ಕೋಣೆಯಲ್ಲಿ ನೀರು ಬರುತ್ತದೆಯೇ?

ಕಂದ, ಸ್ಕ್ರೂ ತೆಗೆದ ಮೇಲಿನ ಫಿಲ್ಮನ್ನು ಮೇಡಂ ನನಗೂ ಕಳಿಸಿದ್ದರು. ಪೈಪಿನ ಫಿಲ್ಮುಗಳ ನಡುವೆ ಇಟ್ಟು ದೀಪ ಹಾಕಿ ನೋಡಿದೆ. ಗೆರೆಯ ಮುಂಭಾಗ ಮುಚ್ಚಿದೆ. ನಾನು ನೋಡಿದ ಕೂಡಲೇ ತಿಳಿಯಿತು, ಯಾರೂ ಹೇಳಬೇಕಿರಲಿಲ್ಲ. ಫೋನಿನಲ್ಲಿ ವೈದ್ಯರು ಕೇಳಿದಾಗ ನನ್ನ ಮುಂದೆ ಒಂದು ಮಗು ಕೈ ಚಾಚಿ ಕೂತಿತ್ತು. ಅದರ ಅಪ್ಪ ನನ್ನನ್ನೇ ನೋಡುತ್ತಿದ್ದ. ಆ ಒಂದು ಕ್ಷಣ ‘ಇಲ್ಲ’ ಅಂದಿದ್ದರೆ ಸಾಕಿತ್ತು. ನನ್ನ ಬಾಯಿಗೆ ‘ಹೌದು’ ಬಂತು. ಅದಕ್ಕೆ ಕ್ಷಮೆ ಕೇಳುವ ಮುಖ ನನಗಿಲ್ಲ, ಅದಕ್ಕೇ ಬರುತ್ತಿಲ್ಲ.

ನಾನು


12 ಮಾರ್ಚ್

ಅಪ್ಪ,

ಹೊಸ ಕೋಣೇಲಿ ನೀರು ಬರುತ್ತೆ. ಅಕ್ಕ ಬೆಳಿಗ್ಗೆ ಒಂದು ಅಂಗಡೀಲಿ ಕೂತು ಸಂಜೆ ಓದ್ತಾಳೆ. ಅಮ್ಮ ಈಗ ಒಂದು ಹೋಟೆಲಿನ ಲಾಂಡ್ರಿಗೆ ಹೋಗ್ತಾಳೆ, ಅಲ್ಲಿ ಬಟ್ಟೇಲಿ ರಕ್ತ ಇರಲ್ಲ ಅಂತಾಳೆ. ಗುಂಡು ವಾರಕ್ಕೊಂದು ಕಾಗದ ಹಾಕ್ತಾಳೆ. ಶಿಬಿರದವರು ಕೋಚ್ ಮೇಡಂ ಅವರನ್ನ ಮೂರು ತಿಂಗಳು ಮನೆಗೆ ಕಳಿಸಿದ್ರಂತೆ, ಫೈಲು ಸರಿಯಾಗಿ ನೋಡಲಿಲ್ಲ ಅಂತ. ಅದರ ಬಗ್ಗೆ ಅವರು ಒಂದು ಮಾತೂ ಬರೆದಿಲ್ಲ, ಗುಂಡು ಬರೆದಿದ್ದು.

ಮಂಡಿ ಹಿಂದಕ್ಕೆ ಬಾಗೋಕೆ ಶುರುವಾಗಿದೆ. ನಿಂತ್ರೆ ಎಡಗಾಲು ಬಿಲ್ಲಿನ ಹಾಗೆ ಕಾಣುತ್ತೆ. ಈಗ ಡಾಕ್ಟರು ಹೇಳೋದು, ಆ ಕಾಲಲ್ಲಿ ಉಳಿದಿರೋ ಬೆಳವಣಿಗೇನೂ ನಿಲ್ಲಿಸಬೇಕು, ಒಳ್ಳೇ ಕಾಲಿಂದೂ ನಿಲ್ಲಿಸಬೇಕು. ಇಲ್ಲಾಂದ್ರೆ ಒಂದು ಉದ್ದ ಒಂದು ಗಿಡ್ಡ ಆಗುತ್ತೆ. ಬಾಗಿರೋದನ್ನ ಪೂರ್ತಿ ದೊಡ್ಡವಳಾದ ಮೇಲೆ ಮೂಳೆ ಕತ್ತರಿಸಿ ನೆಟ್ಟಗೆ ಮಾಡ್ತಾರಂತೆ. ‘ಏನಿಲ್ಲ, ಇದ್ದಷ್ಟೇ ಎತ್ತರ ಇರ್ತೀಯ’ ಅಂದ್ರು. ಹಾಗಂತ ಎರಡು ವರ್ಷದ ಹಿಂದೆ ಯಾರಾದ್ರೂ ಹೇಳಿದ್ರೆ ಕುಣಿದಾಡ್ತಿದ್ದೆ.

ಇಪ್ಪತ್ತೆರಡನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ಆಪರೇಷನ್. ಒಪ್ಪಿಗೆ ಫಾರಂ ಕೊಟ್ಟಿದಾರೆ. ಅಮ್ಮ ಹೆಬ್ಬೆಟ್ಟು ಒತ್ತಿದ್ರೂ ನಡೆಯುತ್ತೆ ಅಂದ್ರು. ನಾನು ಬೇಡ ಅಂದೆ. ಅದರಲ್ಲಿ ವಯಸ್ಸು ಅಂತ ಒಂದು ಖಾನೆ ಇದೆ. ಅಕ್ಕ ತುಂಬೋಕೆ ಹೋದಳು, ಪೆನ್ನು ಕಿತ್ಕೊಂಡೆ. ಅದನ್ನ ನೀನೇ ಬರೀಬೇಕು ಅಪ್ಪ. ಡಾಕ್ಟರ ಎದುರಿಗೆ, ಮೇಡಂ ಎದುರಿಗೆ, ಅಮ್ಮನ ಎದುರಿಗೆ. ಮೇಡಂಗೂ ಬನ್ನಿ ಅಂತ ಬರೆದಿದ್ದೀನಿ. ಮುಖ ಇಲ್ಲ ಅಂತ ನೀನು ಬರೆದಿದ್ದೆ. ನಾನು ಮುಖ ಕೇಳ್ತಿಲ್ಲ, ಕೈ ಕೇಳ್ತಿದ್ದೀನಿ.

ನೀನು ಬರೋವರೆಗೂ ನಾನು ಆ ಟೇಬಲ್ ಮೇಲೆ ಮಲಗಲ್ಲ. ಕಾಲು ಎಷ್ಟು ಬೇಕಾದ್ರೂ ಬಾಗಲಿ.

ಎಷ್ಟು ಅಂತ ಬರೀಬೇಕು ಅನ್ನೋದು ನಿಂಗೆ ಮರೆತಿರಬಹುದು, ಅದಕ್ಕೆ ಹೇಳ್ತೀನಿ. ಮೂರು ದಿನದ ಹಿಂದೆ ನಂಗೆ ಹದಿಮೂರು ತುಂಬಿತು.

ನಿನ್ನ ಚಿಕ್ಕ ಮಗಳು